ನಡುವಿನ ಕಲ್ಲನ್ನು ಕೆತ್ತಿ ಬಿಸಾಡಬೇಡಿ

ದಯವಿಟ್ಟು ಪಳೆಯುಳಿಕೆಯನ್ನು ಕ್ಲೀನ್ ಮಾಡಿ ತರಬೇಡಿ.

ಫೋನಿನಲ್ಲಿ ಇದನ್ನೇ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಕಲ್ಲಿನೊಳಗಿಂದ ಪಳೆಯುಳಿಕೆ ಬಿಡಿಸುವುದು ನನ್ನ ಕೆಲಸ. ಅಮೊನೈಟ್ ಅಂದರೆ ಬಹಳ ಹಿಂದೆಯೇ ಅಳಿದುಹೋದ, ಸಾಮಾನ್ಯವಾಗಿ ಸುರುಳಿ ಚಿಪ್ಪಿನ ಸಮುದ್ರಜೀವಿ. ಅದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ, ಸಂಗ್ರಹ ಮಾಡುವವರಿಗೆ ಅಷ್ಟು ಗೊತ್ತಿರುತ್ತದೆ. ಆದರೆ ಹತ್ತು ವರ್ಷದಿಂದ ಸಂಗ್ರಹ ಮಾಡುತ್ತಿರುವವರೂ ಎಡವುವ ಜಾಗ ಒಂದಿದೆ. ಅದು ಹೆಟೆರೊಮಾರ್ಫ್‌ಗಳದ್ದು. ಅಂದರೆ ಚಕ್ರದಂತೆ ಸುತ್ತದೆ ಕೊಕ್ಕೆ, ಕೋಲು, ತಿರುಪು, ಹೇರ್‌ಪಿನ್ ಹೀಗೆ ಮನಸ್ಸಿಗೆ ಬಂದಂತೆ ಬೆಳೆದ ಹಾಗೆ ಕಾಣುವ ಅಮೊನೈಟ್‌ಗಳು.

ಕರ್ನಾಟಕದಲ್ಲಿ ಇವನ್ನು ಹುಡುಕಿ ಪ್ರಯೋಜನವಿಲ್ಲ. ನಮ್ಮ ಕಲ್ಲು ಬಹುಪಾಲು ಅಮೊನೈಟ್ ಹುಟ್ಟುವುದಕ್ಕಿಂತ ಕೋಟ್ಯಂತರ ವರ್ಷ ಹಿಂದಿನದು, ಉತ್ತರದ ಕಡೆ ಲಾವಾ ಹರಿದು ಆದ ಕಪ್ಪು ಕಲ್ಲು. ಹಾಗಾಗಿ ಬೆಂಗಳೂರು, ಮೈಸೂರಿನ ಆಸಕ್ತರು ತಮಿಳುನಾಡಿನ ಅರಿಯಲೂರು, ಪೆರಂಬಲೂರು ಕಡೆ ಹೋಗುತ್ತಾರೆ. ಸುಮಾರು 10 ಕೋಟಿ ವರ್ಷ ಹಿಂದೆ ಅಲ್ಲಿ ಸಮುದ್ರವಿತ್ತು. ಕಾರೈ ಎಂಬ ಹಳ್ಳಿಯ ಹತ್ತಿರ ಮಳೆ ಕೊರೆದ ಜೇಡಿಗಲ್ಲಿನ ದಿಬ್ಬಗಳನ್ನು ನೋಡಿದರೆ ಇನ್ನೊಂದು ಗ್ರಹಕ್ಕೆ ಬಂದಂತೆ ಇರುತ್ತದೆ. ಪಾಂಡಿಚೇರಿ ಸುತ್ತಮುತ್ತ ಸಿಕ್ಕ ನೆಟ್ಟನೆಯ ಕೋಲಿನಂಥ ಬ್ಯಾಕುಲೈಟಿಸ್ ಎಂಬ ಹೆಟೆರೊಮಾರ್ಫ್ ಅನ್ನು ಬ್ರಿಟಿಷ್ ನಿಸರ್ಗ ವಿಜ್ಞಾನಿ ಎಡ್ವರ್ಡ್ ಫೋರ್ಬ್ಸ್ 1846ರಲ್ಲೇ ವಿವರಿಸಿದ್ದರು.

ಹೆಟೆರೊಮಾರ್ಫ್ ತುಂಡು ಹಿಡಿದು ನನ್ನ ಹತ್ತಿರ ಬರುವವರು ಎರಡು ತರಹ. ಮೊದಲನೆಯವರು, "ಸರ್, ಇದು ಮುರಿದಿದೆ, ಉಳಿದದ್ದು ಸಿಗಲಿಲ್ಲ" ಅನ್ನುತ್ತಾರೆ. ಅದು ಮುರಿದೇ ಇರುವುದಿಲ್ಲ. ನನಗೆ ಇವರ ಮೇಲೆ ಬೇಸರವಿಲ್ಲ. ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ನೋಡುತ್ತಾ ಬೆಳೆದವರು ನಾವು. ನೇಪಾಳದ ಕಾಳಿ ಗಂಡಕಿಯಿಂದ ಬರುವ ಆ ಕಪ್ಪು ಕಲ್ಲುಗಳಲ್ಲಿ ಕಾಣುವ ಚಕ್ರ ಅಮೊನೈಟಿನ ಸುರುಳಿಯೇ. ಕಣ್ಣಿಗೆ ಚಕ್ರ ಅಭ್ಯಾಸವಾಗಿಬಿಟ್ಟಿದೆ, ಚಕ್ರವಿಲ್ಲದ್ದು ಮುರಿದದ್ದು ಅನ್ನಿಸುತ್ತದೆ. ದೊಡ್ಡ ವಿದ್ವಾಂಸರಿಗೂ ಹಾಗೆ ಅನ್ನಿಸಿದ್ದಿದೆ. 1904ರಲ್ಲಿ ಜಪಾನಿನ ಭೂವಿಜ್ಞಾನಿ ಹಿಸಾಕಟ್ಸು ಯಾಬೆ ಅವರು ಹಾವು ಗಂಟು ಹಾಕಿಕೊಂಡಂತಿದ್ದ ಅಮೊನೈಟ್ ಒಂದಕ್ಕೆ ನಿಪ್ಪೊನೈಟಿಸ್ ಎಂದು ಹೆಸರಿಟ್ಟಾಗ, ಅದು ರೋಗ ಹಿಡಿದ ಒಂಟಿ ಜೀವಿಯಿರಬೇಕು ಅಂದವರಿದ್ದರು. ಆಮೇಲೆ ಅದೇ ಗಂಟಿನ ಇನ್ನಷ್ಟು ಚಿಪ್ಪುಗಳು ಸಿಕ್ಕವು. 1980ರ ದಶಕದಲ್ಲಿ ಜಪಾನಿನ ಸಂಶೋಧಕ ತಕಾಶಿ ಒಕಮೊಟೊ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಆ ಗಂಟಿಗೂ ಒಂದು ನಿಯಮವಿದೆ, ಎಡ ಸುರುಳಿ ಬಲ ಸುರುಳಿ ಸರದಿಯ ಮೇಲೆ ಬರುತ್ತವೆ ಎಂದು ತೋರಿಸಿದರು. ಈಗ ಜಪಾನಿನಲ್ಲಿ ಯಾಬೆ ಅವರ ಲೇಖನ ಬಂದ ಅಕ್ಟೋಬರ್ 15ನ್ನು ಪಳೆಯುಳಿಕೆ ದಿನ ಅಂತ ಆಚರಿಸುತ್ತಾರೆ. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ನನಗೆ ಹೊಟ್ಟೆ ಉರಿಸುವವರು ಎರಡನೆಯವರು. ಅವರಿಗೆ ಅದು ಹೆಟೆರೊಮಾರ್ಫ್ ಎಂದು ಗೊತ್ತು, ಅಪರೂಪದ್ದು ಎಂದೂ ಗೊತ್ತು. ಪ್ರೀತಿಯಿಂದ, ತಾಳ್ಮೆಯಿಂದ, ವಾರಗಟ್ಟಲೆ ಕೂತು ಸುತ್ತಲಿನ ಕಲ್ಲನ್ನೆಲ್ಲ ಕೆತ್ತಿ ತೆಗೆದು, ಹತ್ತಿಯಲ್ಲಿ ಸುತ್ತಿ ತರುತ್ತಾರೆ.

ಮೂರು ವರ್ಷದ ಹಿಂದೆ ಬೆಂಗಳೂರಿನ ಹುಡುಗನೊಬ್ಬ ಬಂದ. ಸಾಫ್ಟ್‌ವೇರ್ ಕೆಲಸ, ವಾರದ ಕೊನೆಗೆ ಬೈಕ್ ಹತ್ತಿ ಹೊರಡುವವನು. ಬಿಸ್ಕತ್ ಡಬ್ಬಿ ತೆರೆದ. ಒಳಗೆ ಏಳು ತುಂಡು. ಚಿಪ್ಪಿನ ಮೇಲಿನ ಉಬ್ಬುಗೆರೆಗಳು, ಅಂದರೆ ಏಣುಗಳು, ಇನ್ನೂ ಚೂಪಾಗಿದ್ದವು, ಒಂದೆರಡು ಕಡೆ ಚಿಪ್ಪಿನ ಮುತ್ತಿನ ಹೊಳಪು ಕೂಡ ಉಳಿದಿತ್ತು. "ಆರು ವೀಕೆಂಡ್ ಆಯ್ತು ಸರ್, ವೇಸ್ಟ್ ಕಲ್ಲೆಲ್ಲ ತೆಗೆದು ನೀಟಾಗಿ ತಂದಿದೀನಿ. ಇದು ಯಾವ ಜಾತಿ?" ಎಂದ. ತುಂಡುಗಳು ಕಲ್ಲಿನಲ್ಲಿದ್ದಾಗ ಹೇಗೆ ಕೂತಿದ್ದವು ಎಂದು ಕೇಳಿದೆ. ನೆನಪಿಲ್ಲ. ಫೋಟೋ? ಇಲ್ಲ. ತೆಗೆದ ಕಲ್ಲು? "ಅಪಾರ್ಟ್‌ಮೆಂಟ್ ಕಸಕ್ಕೆ ಹೋಯ್ತು." ಜಾತಿ ಹೇಳಲು ನನಗೆ ಆಗಲಿಲ್ಲ. ಆ ಏಳು ತುಂಡು ಒಂದೇ ಪ್ರಾಣಿಯದ್ದೋ ಎರಡರದ್ದೋ ಎಂದು ಹೇಳಲೂ ಆಗಲಿಲ್ಲ. ಅವನ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು.

ಯಾಕೆ ಹೀಗೆ ಎಂದು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರಿಗೂ ತಪ್ಪಿಹೋಗುವುದು ಇದೇ.

ಮಾಮೂಲಿ ಅಮೊನೈಟ್ ಚಕ್ಕುಲಿ ಇದ್ದಂತೆ. ಒಂದು ಸುತ್ತಿಗೆ ಇನ್ನೊಂದು ಸುತ್ತು ಅಂಟಿಕೊಂಡಿರುತ್ತದೆ, ಎತ್ತಿದರೆ ಇಡಿಯಾಗಿ ಕೈಗೆ ಬರುತ್ತದೆ. ಹೊರಗಿನ ಸುತ್ತು ಒಳಗಿನ ಸುತ್ತಿನ ಬೆನ್ನ ಮೇಲೆ ಕೂತು ಬೆಳೆಯುವುದರಿಂದ ಅದರ ಒಳಮೈಯಲ್ಲಿ ಒಂದು ತಗ್ಗು ಬಿದ್ದಿರುತ್ತದೆ. ಹಾಗಾಗಿ ಅದು ನಾಲ್ಕು ತುಂಡಾದರೂ ಯಾವುದು ಯಾವುದರ ಮೇಲೆ ಕೂತಿತ್ತು ಎಂದು ಆ ತಗ್ಗೇ ಹೇಳುತ್ತದೆ. ಸುತ್ತಲಿನ ಕಲ್ಲು ಹೋದರೂ ಆಕಾರ ಉಳಿಯುತ್ತದೆ.

ಹೆಟೆರೊಮಾರ್ಫ್‌ನಲ್ಲಿ ಸಾಮಾನ್ಯವಾಗಿ ಸುತ್ತಿಗೂ ಸುತ್ತಿಗೂ ನಡುವೆ ಖಾಲಿ ಜಾಗ. ಪ್ರಾಣಿ ಬದುಕಿದ್ದಾಗ ಅಲ್ಲಿ ನೀರಿತ್ತು, ಸತ್ತು ತಳ ಸೇರಿದ ಮೇಲೆ ಕೆಸರು ತುಂಬಿ ಕಲ್ಲಾಯಿತು. ಒಂದು ಭಾಗ ಇನ್ನೊಂದನ್ನು ಮುಟ್ಟಿಯೇ ಇಲ್ಲ, ಹಾಗಾಗಿ ಒಳಮೈಯಲ್ಲಿ ತಗ್ಗೂ ಇಲ್ಲ. ಕೊಕ್ಕೆಯ ತುಂಡು, ನೆಟ್ಟನೆ ತುಂಡು, ಸುರುಳಿಯ ತುಂಡು, ಇವೆಲ್ಲ ಇಷ್ಟು ಅಂತರದಲ್ಲಿ, ಈ ಕೋನದಲ್ಲಿ, ಇಷ್ಟು ಎಡಕ್ಕೆ ಓರೆಯಾಗಿ ಇದ್ದವು ಎಂದು ಹಿಡಿದಿಟ್ಟಿರುವುದು ನಡುವಿನ ಆ ಕಲ್ಲೊಂದೇ. ಪಳೆಯುಳಿಕೆ ಮಣ್ಣಿನ ಭಾರಕ್ಕೆ ಒಳಗೇ ಬಿರುಕು ಬಿಟ್ಟಿರುತ್ತದೆ. ಕಲ್ಲು ಬಿಟ್ಟ ಕೂಡಲೇ ಅದು ಬಿಡಿ ಬಿಡಿಯಾಗುತ್ತದೆ. ಮಾಲೆಯ ನಾರು ಎಳೆದು ಹಾಕಿ, ಹೂವನ್ನು ಮಾತ್ರ ಬುಟ್ಟಿಯಲ್ಲಿ ತಂದು, ಇದನ್ನು ಹೇಗೆ ಕಟ್ಟಿದ್ದರು ಹೇಳಿ ಅಂದರೆ ಯಾರು ಹೇಳಿಯಾರು? ಆಕಾರವೇ ಮುಖ್ಯವಾದ ಪ್ರಾಣಿಯಲ್ಲಿ ಆಕಾರ ಇರುವುದು ನೀವು ವೇಸ್ಟ್ ಎಂದು ಬಿಸಾಡಿದ ಕಲ್ಲಿನಲ್ಲಿ.

ಇನ್ನೂ ಒಂದಿದೆ. ಕೆಲವು ಸಲ ಚಿಪ್ಪು ಕರಗಿಹೋಗಿ ಕಲ್ಲಿನಲ್ಲಿ ಬರೀ ಪೊಳ್ಳು ಉಳಿದಿರುತ್ತದೆ. ಅದು ಅಚ್ಚು. ಅದರೊಳಗೆ ಸಿಲಿಕೋನ್ ರಬ್ಬರ್ ಸುರಿದು ತೆಗೆದರೆ ಕಾಣೆಯಾದ ಭಾಗ ಏಣಿನ ಸಮೇತ ಸಿಗುತ್ತದೆ. ಆ ಕಲ್ಲಿನ ಪುಡಿಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳ ಚಿಪ್ಪು ಇದ್ದರೆ ಪದರದ ವಯಸ್ಸನ್ನೂ ಅಂದಾಜು ಮಾಡಬಹುದು. ಪುಡಿಯನ್ನೂ ಒಂದು ಕವರಿಗೆ ಹಾಕಿ ತನ್ನಿ.

ಅಮೆರಿಕದ ದಕ್ಷಿಣ ಡಕೋಟಾ ಕಡೆಯ ಡಿಡಿಮೊಸೆರಸ್ ಎಂಬ ಹೆಟೆರೊಮಾರ್ಫ್‌ನ ಫೋಟೋ ಕಳಿಸಿ, "ಅವರು ಇಡಿಯಾಗಿ ಬಿಡಿಸಿದ್ದಾರಲ್ಲ, ನಾವು ಮಾಡಿದರೆ ಏನು ತಪ್ಪು" ಎಂದು ಕೇಳುವವರಿದ್ದಾರೆ. ಅಲ್ಲಿನ ನುರಿತವರು ಗಟ್ಟಿ ಕಲ್ಲುಂಡೆಯನ್ನು ಒಡೆಯುತ್ತಾರೆ, ನಿಜ. ಆದರೆ ಒಡೆದ ಪ್ರತಿ ಚೂರನ್ನೂ ಇಟ್ಟುಕೊಂಡು, ಮೊದಲು ಉಂಡೆಯನ್ನೇ ಮತ್ತೆ ಜೋಡಿಸಿ, ಆಮೇಲೆ ಗಾಳಿಯ ಒತ್ತಡದಿಂದ ಓಡುವ ಸಣ್ಣ ಉಳಿಯಿಂದ ಮೈಕ್ರೋಸ್ಕೋಪಿನ ಕೆಳಗೆ ನಿಧಾನವಾಗಿ ಕೆಲಸ ಮಾಡುತ್ತಾರೆ. ನೂರಾರು ಗಂಟೆ ಹಿಡಿಯುವುದೂ ಉಂಟು. ನಾನಾದರೆ ಪೂರ್ತಿ ಬಿಡಿಸುವುದೇ ಇಲ್ಲ, ಒಂದು ಬದಿ ತೆರೆದು ಇನ್ನೊಂದು ಬದಿಯನ್ನು ಕಲ್ಲಿನಲ್ಲೇ ಬಿಡುತ್ತೇನೆ. ಬೇರೆಯವರ ಅಭಿಪ್ರಾಯ ಬೇರೆ ಇರಬಹುದು.

ಕೆಲವು ಮಾತು ಬೇಗ ಹೇಳಿಬಿಡುತ್ತೇನೆ. ಕಾರೈ ಕಡೆಯ ಜೇಡಿಗಲ್ಲನ್ನು ನೀರಿನಲ್ಲಿ ನೆನೆಸಬೇಡಿ, ಉಬ್ಬಿ ಪುಡಿಯಾಗುತ್ತದೆ. ನಿಂಬೆಹುಳಿ, ವಿನೆಗರ್, ಬಾತ್‌ರೂಮ್ ಆಸಿಡ್ ಯಾವುದೂ ಬೇಡ, ಚಿಪ್ಪೇ ಸುಣ್ಣ, ಅದೇ ಮೊದಲು ಕರಗುತ್ತದೆ. ಥಟ್ಟನೆ ಹಿಡಿಯುವ ಸೂಪರ್ ಗ್ಲೂನಿಂದ ತುಂಡು ಜೋಡಿಸಬೇಡಿ. ಮ್ಯೂಸಿಯಂಗಳಲ್ಲಿ ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಂಟು ಅಸಿಟೋನ್‌ನಲ್ಲಿ ಸುಲಭವಾಗಿ ಕರಗುತ್ತದೆ, ನಾಳೆ ಜೋಡಣೆ ತಪ್ಪು ಅನ್ನಿಸಿದರೆ ಬಿಚ್ಚಬಹುದು. ಇನ್ನು ಕಾನೂನು. ಹೊಲವಾಗಲಿ ಸಿಮೆಂಟಿನ ಗಣಿಯಾಗಲಿ, ಒಡೆಯರ ಅನುಮತಿ ಬೇಕು. ಸಂರಕ್ಷಿತ ಜಾಗದಲ್ಲಿ ಕೈಯೇ ಹಾಕಬೇಡಿ. ಭೂ ಪರಂಪರೆಯ ತಾಣಗಳು, ಅಂದರೆ ಪಳೆಯುಳಿಕೆ, ಅಪರೂಪದ ಕಲ್ಲು ಇರುವಂಥ ಜಾಗಗಳ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಕರಡು ಮಸೂದೆ ಹೊರಡಿಸಿತ್ತು. ಹೊರಡುವ ಮುಂಚೆ ಈಗಿನ ನಿಯಮ ಏನು ಎಂದು ವಿಚಾರಿಸಿಕೊಳ್ಳಿ.

ಕೊಂಡುಕೊಳ್ಳುವವರಿಗೂ ನಡುವಿನ ಕಲ್ಲಿನ ಮಾತು ಅನ್ವಯಿಸುತ್ತದೆ. ಮೊರಾಕೊದಿಂದ ಬರುವ ದೊಡ್ಡ ಕೊಕ್ಕೆಯ ಅಮೊನೈಟ್‌ಗಳಲ್ಲಿ ಎರಡು ಮೂರು ಪ್ರಾಣಿಗಳ ತುಂಡು ಸೇರಿಸಿ, ನಡುವೆ ಪುಟ್ಟಿ ತುಂಬಿ, ಏಣು ಕೆತ್ತಿ ಮಾರುವುದಿದೆ. ಏಣುಗಳ ಅಂತರ ಒಂದೇ ಜಾಗದಲ್ಲಿ ಇದ್ದಕ್ಕಿದ್ದಂತೆ ಬದಲಾದರೆ ಅನುಮಾನ ಪಡಿ. ಯುವಿ ಟಾರ್ಚ್ ಬಿಟ್ಟರೆ ಅಂಟು, ಪುಟ್ಟಿ ಅನೇಕ ಸಲ ಬೇರೆ ಬಣ್ಣದಲ್ಲಿ ಹೊಳೆಯುತ್ತವೆ. ಆದರೆ ನಾನು ಮೊದಲು ಕೇಳುವುದು ಒಂದೇ, ಕಲ್ಲಿನಲ್ಲಿದ್ದಾಗ ತೆಗೆದ ಫೋಟೋ ಇದೆಯಾ ಎಂದು. ರಿಪೇರಿ ಮಾಡಿದ್ದೆಲ್ಲ ಮೋಸವಲ್ಲ, ಎಲ್ಲಿ ಏನು ಮಾಡಿದೆ ಎಂದು ಹೇಳಿ ಮಾರುವವರೂ ಇದ್ದಾರೆ.

ಹಾಸನ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಹೋದ ವರ್ಷ ತಿರುಚ್ಚಿಯ ಮಗಳ ಮನೆಗೆ ಹೋದಾಗ ಒಂದು ಕಲ್ಲುಂಡೆ ತಂದರು. ಪರಿಚಯದ ರೈತರ ಹೊಲದ ಬದುವಿನಲ್ಲಿ ಸಿಕ್ಕಿದ್ದಂತೆ, ಕೇಳಿಯೇ ತಂದಿದ್ದರು. ತೆಂಗಿನಕಾಯಿ ಗಾತ್ರ, ಹೊರಗೆ ಬೆರಳಗಲ ಏಣು ಮಾತ್ರ ಕಾಣುತ್ತಿತ್ತು. ಹಳೇ ಪಂಚೆಯಲ್ಲಿ ಕಟ್ಟಿದ್ದರು, ಉದುರಿದ ಚೂರುಗಳು ಬೇರೆ ಚೀಟಿಯಲ್ಲಿ. ನೋಟ್‌ಬುಕ್ಕಿನ ಹಾಳೆಯಲ್ಲಿ ಬದು, ಬೇವಿನ ಮರ, ಬಾವಿ ಬರೆದು, ಕಲ್ಲಿನ ಯಾವ ಮುಖ ಮೇಲಿತ್ತು ಎಂದು ಬಾಣ ಹಾಕಿದ್ದರು. "ನನಗೆ ಇದರ ತಲೆಬುಡ ಗೊತ್ತಿಲ್ಲ ಕಣಪ್ಪ, ಅದಕ್ಕೇ ಏನೂ ಮುಟ್ಟಲಿಲ್ಲ" ಅಂದರು.

ನಾಲ್ಕು ತಿಂಗಳು ಕೆಲಸವಾಯಿತು. ಒಂದು ಕಡ್ಡಿ ನೆಟ್ಟಗೆ ಬಂದು, ಬಾಗಿ, ಇನ್ನೊಂದು ಕಡ್ಡಿಯಾಗಿ ವಾಪಸ್ ಹೋಗುತ್ತದೆ, ಎರಡರ ನಡುವೆ ಹೆಬ್ಬೆರಳಗಲ ಕಲ್ಲು. ಆ ಕಲ್ಲನ್ನು ನಾನು ಹಾಗೇ ಬಿಟ್ಟಿದ್ದೇನೆ. ಎರಡನೆಯ ಕಡ್ಡಿ ಉಂಡೆಯ ಒಳಗೆ ಓರೆಯಾಗಿ ಇಳಿದಿದೆ, ಚಿಪ್ಪಿನ ಬಾಯಿ ತೆರೆದಿರುವ ತುದಿ ಇನ್ನೂ ಕಂಡಿಲ್ಲ. ಮೇಷ್ಟ್ರು ತಿಂಗಳಿಗೊಮ್ಮೆ ಫೋನ್ ಮಾಡಿ "ಬಾಯಿ ಸಿಕ್ತಾ?" ಎಂದು ಕೇಳುತ್ತಾರೆ. ದಸರಾ ಹೊತ್ತಿಗೆ ಮೊಮ್ಮಗಳನ್ನು ಕರೆದುಕೊಂಡು ಬರುತ್ತಾರಂತೆ.