ಜೀನು ಹಾಳಾಗಿದೆ, ರಿಪೇರಿ ಮಾಡಿಸಬೇಕಾ ಅಥವಾ ಹೊಸದು ತಗೊಳ್ಳಬೇಕಾ?

ಪ್ರಶ್ನೆ: ಮಲ್ಪೆ ಕಡೆ ನಾವೊಂದು ಕುದುರೆ ಸಾಕಿದ್ದೇವೆ. ಜೀನು ಚರ್ಮದ್ದು, ಸೆಕೆಂಡ್ ಹ್ಯಾಂಡ್. ಮಳೆಗಾಲ ಕಳೆದು ಹೊರಗೆ ತೆಗೆದರೆ ಮೈಯೆಲ್ಲ ಬೂಷ್ಟು. ಒಂದು ಬದಿ ಹೊಲಿಗೆ ಬಿಟ್ಟಿದೆ, ಹೊಟ್ಟೆಪಟ್ಟಿ ಸಿಕ್ಕಿಸುವ ಬಾರಿನಲ್ಲಿ ಬಿರುಕು ಉಂಟು, ಕೂತರೆ ಕಿರ್ ಅನ್ನುತ್ತದೆ. ಇದಕ್ಕೆ ದುಡ್ಡು ಹಾಕಬಹುದಾ?

ಬೂಷ್ಟು ನೋಡಿ ಹೆದರಬೇಡಿ. ಬಿಟ್ಟ ಹೊಲಿಗೆಗೂ ಹೆದರಬೇಡಿ. ನನಗೆ ಚಿಂತೆ ಆಗಿದ್ದು ನಿಮ್ಮ ಕೊನೆಯ ಮಾತಿಗೆ, ಆ ಕಿರ್ ಶಬ್ದಕ್ಕೆ. ಒಣಗಿದ ಚರ್ಮವೂ ಹಾಗೆ ಸದ್ದು ಮಾಡುತ್ತದೆ, ಆದರೆ ಒಳಗಿನ ಚೌಕಟ್ಟು ಮುರಿದಿದ್ದರೂ ಅದೇ ಸದ್ದು. ಚೌಕಟ್ಟು ಸರಿ ಇದೆಯಾ ಅಂತ ಗೊತ್ತಾಗುವವರೆಗೆ ಯಾರಿಗೂ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ, ಆ ಜೀನನ್ನು ಕುದುರೆ ಮೇಲೆ ಹಾಕಲೂ ಬೇಡಿ.

ಈ ಚೌಕಟ್ಟಿಗೆ ಟ್ರೀ ಅನ್ನುತ್ತಾರೆ. ಹೆಚ್ಚಾಗಿ ಮರದ್ದು, ಈಗ ಪ್ಲಾಸ್ಟಿಕ್ ಥರದ್ದೂ ಬರುತ್ತದೆ. ಪರೀಕ್ಷೆ ಮನೆಯಲ್ಲೇ ಮಾಡಬಹುದು. ಜೀನಿನ ಮುಂಭಾಗವನ್ನು ನಿಮ್ಮ ತೊಡೆಗೆ ಒತ್ತಿ ಹಿಡಿದು, ಹಿಂಭಾಗವನ್ನು ಎರಡೂ ಕೈಯಲ್ಲಿ ನಿಮ್ಮ ಕಡೆಗೆ ಎಳೆಯಿರಿ. ಸ್ವಲ್ಪ ಬಾಗಿ ತಕ್ಷಣ ವಾಪಸ್ ಬಂದರೆ ಪರವಾಗಿಲ್ಲ, ಎಷ್ಟೋ ಜೀನುಗಳಲ್ಲಿ ಸ್ಪ್ರಿಂಗ್‌ನಂತೆ ಬಾಗಲೆಂದೇ ಉಕ್ಕಿನ ಪಟ್ಟಿ ಹಾಕಿರುತ್ತಾರೆ. ಆದರೆ ಕೂರುವ ಜಾಗದಲ್ಲಿ ಅಡ್ಡಕ್ಕೆ ಆಳವಾದ ಸುಕ್ಕು ಬಿದ್ದರೆ, ಒಂದೇ ಬದಿ ಜಾಸ್ತಿ ಬಾಗಿದರೆ, ಒಳಗೆ ಏನೋ ಉಜ್ಜಿದ ಹಾಗೆ ಕೈಗೆ ಗೊತ್ತಾದರೆ ಮುರಿದಿದೆ ಅಂತಲೇ ತಿಳಿಯಿರಿ. ಆಮೇಲೆ ಮುಂದಿನ ಕಮಾನಿನ ಎರಡು ಕಾಲುಗಳನ್ನು ಹಿಡಿದು ಹೊರಗೆ ಎಳೆಯಿರಿ, ಒಳಗೆ ಒತ್ತಿ. ಅದು ಒಂದು ಚೂರೂ ಅಲುಗಾಡಬಾರದು.

ಅಲುಗಾಡಿದರೆ ಅಲ್ಲಿಗೆ ಮುಗಿಯಿತು ಮಾರಾಯ್ರೆ. ಮುರಿದ ಟ್ರೀಗೆ ಅಂಟು ಹಾಕಿಯೋ ತಗಡು ಬಡಿದೋ ಕೂರಿಸಿದರೆ ಅದು ಮೊದಲಿನ ಆಕಾರಕ್ಕೆ ಬರುವುದಿಲ್ಲ. ಟ್ರೀಯನ್ನೇ ಬದಲಿಸುವುದೆಂದರೆ ಜೀನನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದಂತೆ. ಸಾಮಾನ್ಯ ಜೀನಿಗೆ ಆ ಖರ್ಚು ಹೊಂದುವುದೇ ಇಲ್ಲ.

ಇಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತೇನೆ ಅಂದರೆ, ಸವಾರನ ಭಾರವನ್ನು ಬೆನ್ನೆಲುಬಿಗೆ ತಾಗಿಸದೆ ಅದರ ಎರಡೂ ಪಕ್ಕದ ಸ್ನಾಯುಗಳ ಮೇಲೆ ಹಂಚುವುದೇ ಜೀನಿನ ಕೆಲಸ. ಟ್ರೀ ಮುರಿದರೆ ಅಷ್ಟೂ ಭಾರ ಒಂದೇ ಕಡೆ ಚುಚ್ಚುತ್ತದೆ. ಕುದುರೆಗೆ ಬಾಯಿ ಬಿಟ್ಟು ಹೇಳಲು ಆಗುವುದಿಲ್ಲ. ಜೀನು ಹಾಕುವಾಗ ಕಿವಿ ಹಿಂದಕ್ಕೆ ಮಡಚುತ್ತದೆ, ಕಚ್ಚಲು ಬರುತ್ತದೆ, ಬೆನ್ನು ಮುಟ್ಟಿದರೆ ಕುಗ್ಗುತ್ತದೆ, ನಾವು ಅದನ್ನು ಕೆಟ್ಟ ಬುದ್ಧಿ ಅಂತ ಗದರಿಸುತ್ತೇವೆ. ಹಾಗಾಗಿ ಜೀನಿನ ಜೊತೆ ಕುದುರೆಯ ಬೆನ್ನನ್ನೂ ನೋಡಿ. ಸವಾರಿ ಆದ ಮೇಲೆ ಜೀನಿನ ಅಡಿ ಎಲ್ಲ ಬೆವರಿ ಮಧ್ಯದಲ್ಲಿ ಒಂದು ತುಂಡು ಮಾತ್ರ ಒಣಗಿದ್ದರೆ ಅಲ್ಲಿ ಒತ್ತಡ ಬೀಳುತ್ತಿರಬಹುದು. ಜೀನು ಕೂರುವ ಜಾಗದಲ್ಲಿ ಹೊಸದಾಗಿ ಬಿಳಿ ಕೂದಲು ಬಂದಿದ್ದರೆ ಹೆಚ್ಚಾಗಿ ಆ ಚರ್ಮ ಆಗಲೇ ಪೆಟ್ಟು ತಿಂದಿದೆ ಅಂತ ಅರ್ಥ. ಊತವೋ ಹುಣ್ಣೋ ಇದ್ದರೆ ಮೊದಲು ಪಶುವೈದ್ಯರಿಗೆ ತೋರಿಸಿ, ಜೀನಿನ ಲೆಕ್ಕ ಆಮೇಲೆ.

ಟ್ರೀ ಗಟ್ಟಿ ಇದೆ ಅಂತಿಟ್ಟುಕೊಳ್ಳೋಣ. ಹಾಗಿದ್ದರೆ ನಿಮ್ಮ ಜೀನು ರಿಪೇರಿಗೆ ಲಾಯಕ್ಕು ಅಂತಲೇ ನನ್ನ ಅಭಿಪ್ರಾಯ, ಆದರೆ ಬಿರುಕು ಬಿಟ್ಟ ಬಾರನ್ನು ಹೊಲಿಸಬೇಡಿ, ಬದಲಿಸಿ. ಎರಡೂ ಬದಿಯದನ್ನು ಒಟ್ಟಿಗೇ. ಆ ಬಾರು ಕಿತ್ತರೆ ಜೀನು ಸವಾರನ ಸಮೇತ ಪಕ್ಕಕ್ಕೆ ಜಾರುತ್ತದೆ. ಹೊಸ ಬಾರನ್ನು ಒಳಗೆ ಟ್ರೀ ಮೇಲೆ ಹಾದುಹೋಗುವ ಗಟ್ಟಿ ಪಟ್ಟಿಗೆ ಸೇರಿಸಿ ಹೊಲಿಯಬೇಕು, ಮತ್ತು ಆ ಪಟ್ಟಿಯೂ ನಮ್ಮ ಕರಾವಳಿಯ ತೇವಕ್ಕೆ ಕೊಳೆತು ಕುಂಬಾಗಿರಬಹುದು, ಅದನ್ನೂ ಎಳೆದು ನೋಡಲು ಹೇಳಿ.

ರಿಕಾಪಿನ, ಅಂದರೆ ಸವಾರ ಕಾಲಿಡುವ ಬಳೆಯ, ಬಾರು ನೇತುಹಾಕುವ ಕಬ್ಬಿಣದ ಕೊಂಡಿಯನ್ನು ಮರೆಯಬೇಡಿ. ಸವಾರ ಬಿದ್ದು ಕಾಲು ಸಿಕ್ಕಿಹಾಕಿಕೊಂಡರೆ ಬಾರು ಅದರಿಂದ ಜಾರಿ ಹೊರಗೆ ಬರಬೇಕು, ಇಲ್ಲದಿದ್ದರೆ ಕುದುರೆ ಎಳೆದುಕೊಂಡು ಓಡುತ್ತದೆ. ಸಮುದ್ರದ ಗಾಳಿಗೆ ತುಕ್ಕು ಹಿಡಿದು ಆ ಕೊಂಡಿಯ ತುದಿಯಲ್ಲಿ ಮೇಲೆ ಕೆಳಗೆ ಆಡುವ ಮಡಚು ಮೇಲಕ್ಕೇ ಕಚ್ಚಿಕೊಂಡಿದ್ದರೆ ಅದು ಪ್ರಾಣಾಪಾಯ. ತುಕ್ಕು ತೆಗೆಸಿ, ಸವಾರಿ ಮಾಡುವಾಗ ಮಡಚನ್ನು ಕೆಳಕ್ಕೆ ಬಿಟ್ಟು ತೆರೆದೇ ಇಡಿ.

ಅಡಿಯ ಮೆತ್ತೆಯೊಳಗೆ ಹೆಚ್ಚಾಗಿ ಉಣ್ಣೆ ತುಂಬಿರುತ್ತದೆ. ಅದು ಗಂಟುಗಟ್ಟಿದರೆ ಮತ್ತೆ ತುಂಬಿಸಬಹುದು, ದೊಡ್ಡ ವಿಷಯ ಅಲ್ಲ. ಆದರೆ ಎರಡೂ ಬದಿ ಸಮ ಇರಬೇಕು.

ಯಾರ ಹತ್ತಿರ ಮಾಡಿಸುವುದು? ಮಂಗಳೂರಿನ ಹಂಪನಕಟ್ಟೆಯಲ್ಲೋ ಉಡುಪಿ ಬಸ್ ಸ್ಟ್ಯಾಂಡ್ ಹತ್ತಿರವೋ ಕೂತು ಚಪ್ಪಲಿ, ಬ್ಯಾಗು ಹೊಲಿಯುವವರಿದ್ದರೆ, ಜೀನಿನ ಪಕ್ಕಕ್ಕೆ ಇಳಿಬಿದ್ದ ಚರ್ಮದ ಹಾಳೆಯ ಅಂಚಿನ ಹೊಲಿಗೆ ಬಿಟ್ಟದ್ದನ್ನು ಧಾರಾಳವಾಗಿ ಅವರಿಗೆ ಕೊಡಿ. ಎರಡು ಸೂಜಿ ಹಾಕಿ ಕೈಯಲ್ಲೇ ಹೊಲಿಯಲು ಹೇಳಿ, ಆಗ ಒಂದು ಕಡೆ ನೂಲು ಕಡಿದರೂ ಉಳಿದದ್ದು ಬೇಗ ಬಿಚ್ಚಿಕೊಳ್ಳುವುದಿಲ್ಲ. ಬಾರು ಮತ್ತು ಮೆತ್ತೆಯ ಕೆಲಸ ಮಾತ್ರ ಜೀನು ಗೊತ್ತಿದ್ದವರೇ ಮಾಡಬೇಕು. ರೇಸ್‌ಕೋರ್ಸ್ ಇರುವ ಬೆಂಗಳೂರು, ಮೈಸೂರಿನಲ್ಲಿ ಕುದುರೆ ಸಾಕುವವರನ್ನು ವಿಚಾರಿಸಿ. ನಮ್ಮ ದೇಶದಲ್ಲಿ ಜೀನಿಗೆ ಹೆಸರಾದ ಊರು ಕಾನ್ಪುರ, ಹೊಸ ಬಾರು, ಹೊಟ್ಟೆಪಟ್ಟಿ ಅಲ್ಲಿಂದ ತರಿಸಬಹುದು. ಒಟ್ಟು ಖರ್ಚು ಅಂಥದ್ದೇ ಹೊಸ ಜೀನಿನ ಅರ್ಧ ಬೆಲೆ ದಾಟುತ್ತದೆ ಅಂದರೆ ನಾನಾದರೆ ಬಿಟ್ಟುಬಿಡುತ್ತೇನೆ. ಮತ್ತೆ ಈ ಜೀನು ನಿಮ್ಮ ಕುದುರೆಗೆ ಅಳತೆಯೇ ಆಗದಿದ್ದರೆ, ಕೊನೆಯ ಪಕ್ಕೆಲುಬು ದಾಟಿ ಸೊಂಟದ ಮೇಲೆ ಕೂರುತ್ತಿದ್ದರೆ, ಪುಕ್ಕಟೆ ರಿಪೇರಿ ಮಾಡಿಕೊಟ್ಟರೂ ಬೇಡ.

ಬೂಷ್ಟಿಗೆ ಬರೋಣ. ಅಂಗಳದಲ್ಲಿ ಒರೆಸಿ, ಒಳಗೆ ಒರೆಸಿದರೆ ಅದರ ಧೂಳು ಕೋಣೆಯೆಲ್ಲ ಹರಡುತ್ತದೆ. ಚರ್ಮದ ಸೋಪು ಹಚ್ಚಿದ ಬಟ್ಟೆಯಲ್ಲಿ ಉಜ್ಜಿ, ನೆರಳಲ್ಲಿ ಗಾಳಿಗೆ ಒಣಗಿಸಿ, ಬಿಸಿಲಿಗೂ ಬೇಡ, ಒಲೆ ಹತ್ತಿರವೂ ಬೇಡ. ಎಣ್ಣೆ ಸುರಿಯಬೇಡಿ. ಜಾಸ್ತಿ ಎಣ್ಣೆ ಕುಡಿದ ಬಾರು ಮೆತ್ತಗಾಗಿ ಉದ್ದವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವ ಅಭ್ಯಾಸ ಇದ್ದರೆ ಅದನ್ನು ಬಿಡಿ, ಹತ್ತಿ ಬಟ್ಟೆ ಮುಚ್ಚಿ ಗಾಳಿಯಾಡುವ ಕಡೆ ಇಡಿ.

ಟ್ರೀ ಮುರಿದದ್ದೇ ನಿಜವಾದರೆ ರಿಕಾಪು, ಅದರ ಬಾರು, ಹೊಟ್ಟೆಪಟ್ಟಿ ಸರಿ ಇದ್ದರೆ ತೆಗೆದಿಟ್ಟುಕೊಳ್ಳಿ. ಜೀನನ್ನು ಗುಜರಿಗೆ ಕೊಡುವ ಮೊದಲು ಹೊಟ್ಟೆಪಟ್ಟಿ ಸಿಕ್ಕಿಸುವ ಬಾರುಗಳನ್ನು ಬುಡದಲ್ಲೇ ಕತ್ತರಿಸಿಬಿಡಿ. ಇಲ್ಲದಿದ್ದರೆ ಪಾಲಿಶ್ ಹೊಡೆದು ಯಾರಿಗಾದರೂ ಮಾರುತ್ತಾರೆ, ಅದು ಇನ್ನೊಂದು ಕುದುರೆಯ ಬೆನ್ನಿಗೆ ಹೋಗುತ್ತದೆ.