ತವರಿಲ್ಲದ ಟೂರ್: ಯುರೋಪಿನ ಮಹಿಳಾ ಗಾಲ್ಫ್ ಇಲ್ಲಿಗೆ ಬಂದದ್ದು ಹೇಗೆ?

ಯುರೋಪಿನ ಮಹಿಳಾ ವೃತ್ತಿಪರ ಗಾಲ್ಫ್ ಟೂರ್ನಿಗಳ ಸರಣಿ, ಅಂದರೆ ಎಲ್‌ಇಟಿ ಟೂರ್, ಅಮೆರಿಕದ ಅಂಥದ್ದೇ ಟೂರ್ ಆದ ಎಲ್‌ಪಿಜಿಎ ಜೊತೆ ವಿಲೀನ ಆಗಬೇಕೇ? 2023ರ ನವೆಂಬರ್‌ನಲ್ಲಿ ಆಟಗಾರ್ತಿಯರು ಮತ ಹಾಕಬೇಕಿತ್ತು. ಕೊನೇ ಗಳಿಗೆಯಲ್ಲಿ ಮತದಾನ ಮುಂದಕ್ಕೆ ಹೋಯಿತು. ನಡುವೆ ಸೌದಿ ದುಡ್ಡು ಬೇರೆ. ಈ ಗೋಜಲಿನ ಬುಡ ತುಂಬಾ ಹಳೆಯದು.

ಇಂಗ್ಲೆಂಡಿನ ಹೆಂಗಸರಿಗೆ ಗಾಲ್ಫ್ ಹೊಸದಲ್ಲ. ಲೇಡೀಸ್ ಗಾಲ್ಫ್ ಯೂನಿಯನ್ ಹುಟ್ಟಿದ್ದೇ 1893ರಲ್ಲಿ. ಆದರೂ ಮುಂದಿನ ಮುಕ್ಕಾಲು ಶತಮಾನ ಅದು ಹೆಚ್ಚಾಗಿ ಉಳ್ಳವರ ಮನೆಯ ಹವ್ಯಾಸ. ಕಪ್ ಗೆಲ್ಲಬಹುದು, ಕಾಸು ಮುಟ್ಟುವ ಹಾಗಿಲ್ಲ. ಅತ್ತ ಅಮೆರಿಕದಲ್ಲಿ 1950ರಲ್ಲೇ 13 ಜನ ಸೇರಿ ಎಲ್‌ಪಿಜಿಎ ಕಟ್ಟಿಕೊಂಡಿದ್ದರು.

ಇಂಗ್ಲೆಂಡಿನ ಆಟಗಾರ್ತಿ ವಿವಿಯನ್ ಸಾಂಡರ್ಸ್ ಬರುವುದು ಇಲ್ಲಿ. 1966ರ ಬ್ರಿಟಿಷ್ ಅಮೆಚೂರ್ (ದುಡ್ಡಿಗೆ ಆಡದ ಹವ್ಯಾಸಿಗಳ) ಟೂರ್ನಿಯ ಫೈನಲ್ ಆಡಿದವರು, 1968ರಲ್ಲಿ ಅಮೆರಿಕದ ಎದುರು ಹವ್ಯಾಸಿಗಳ ತಂಡ ಆಡುವ ಕರ್ಟಿಸ್ ಕಪ್‌ನಲ್ಲಿದ್ದವರು. 1969ರಲ್ಲಿ ವೃತ್ತಿಪರ ಆದರು. ಆಗ ಅದು ಸಣ್ಣ ಮಾತಲ್ಲ. ದುಡ್ಡಿಗೆ ಆಡುತ್ತೇನೆ ಅಂದ ತಕ್ಷಣ ಅಮೆಚೂರ್ ಟೂರ್ನಿಗಳ ಬಾಗಿಲು ಮುಚ್ಚುತ್ತದೆ, ಕರ್ಟಿಸ್ ಕಪ್ ಕೂಡ ಕೈತಪ್ಪುತ್ತದೆ. ಸರಿ, ದುಡ್ಡಿನ ಟೂರ್ ಆದರೂ ಇದೆಯಾ? ತವರಲ್ಲಿ ಅದೂ ಇಲ್ಲ! ಹಾಗಾಗಿ ಅಮೆರಿಕಕ್ಕೆ ಹೋದರು. ಎಲ್‌ಪಿಜಿಎ ಟೂರ್‌ಗೆ ಅರ್ಹತೆ ಪಡೆದ ಮೊದಲ ಯುರೋಪಿಯನ್ ಅವರೇ.

ವೃತ್ತಿಪರರಿಗೂ ಅಮೆಚೂರ್‌ಗಳಿಗೂ ತೆರೆದಿದ್ದ ಮಹಿಳೆಯರ ಬ್ರಿಟಿಷ್ ಓಪನ್ ಶುರುವಾಗಿದ್ದು 1976ರಲ್ಲಿ. ಮೊದಲ ವರ್ಷ ಗೆದ್ದವರು ಅಮೆಚೂರ್ ಆಟಗಾರ್ತಿ ಜೆನ್ನಿ ಲೀ ಸ್ಮಿತ್. ಮರುವರ್ಷ ಇಂಗ್ಲೆಂಡಿನ ಲಿಂಡ್ರಿಕ್‌ನಲ್ಲಿ ಸಾಂಡರ್ಸ್ ಮತ್ತು ಮೇರಿ ಎವರಾರ್ಡ್ ಒಟ್ಟು ಸ್ಕೋರ್‌ನಲ್ಲಿ ಸಮ. ಎವರಾರ್ಡ್ ಕೂಡ ಅಮೆಚೂರ್. ಗೆದ್ದವರು ಯಾರೆಂದು ತೀರ್ಮಾನಿಸಲು ಪ್ಲೇಆಫ್, ಅಂದರೆ ಹೆಚ್ಚುವರಿ ಆಟ, ಆಡಿಸಲಿಲ್ಲ. ಕೌಂಟ್‌ಬ್ಯಾಕ್ ಮಾಡಿದರು, ಅಂದರೆ ಆಗಲೇ ಬರೆದಿದ್ದ ಸ್ಕೋರ್‌ಗಳನ್ನೇ ತಾಳೆ ನೋಡಿದರು. ಸಾಂಡರ್ಸ್ ಗೆದ್ದರು. ಓಪನ್ ಗೆದ್ದ ಮೊದಲ ವೃತ್ತಿಪರ ಆಟಗಾರ್ತಿಯ ಹೆಸರು ಬಂದದ್ದು ಹೀಗೆ ಕಾಗದದ ಮೇಲಿನ ಲೆಕ್ಕದಲ್ಲಿ!

ಒಬ್ಬರು ಗೆದ್ದರೆ ಟೂರ್ ಆಗುವುದಿಲ್ಲವಲ್ಲ. 1978ರಲ್ಲಿ ಮಹಿಳಾ ವೃತ್ತಿಪರರ ಸಂಘ ಹುಟ್ಟಿತು, ಮುಂದೆ ಎಲ್‌ಇಟಿ ಆದದ್ದು ಇದೇ. ಅದರ ಹಿಂದೆ ನಿಂತವರೂ ಸಾಂಡರ್ಸ್. 1979ರಲ್ಲಿ ಮೊದಲ ಸೀಸನ್, ಹೆಚ್ಚಿನ ಟೂರ್ನಿಗಳಿಗೆ ಬಿಯರ್ ಕಂಪನಿ ಕಾರ್ಲ್ಸ್‌ಬರ್ಗ್‌ನ ಹೆಸರು. ಸ್ಪಾನ್ಸರ್ ಇದ್ದರೆ ಟೂರ್ನಿ, ಇಲ್ಲದಿದ್ದರೆ ಇಲ್ಲ. 1983ರಲ್ಲಿ ಸ್ಪಾನ್ಸರ್ ಸಿಗದೆ ಬ್ರಿಟಿಷ್ ಓಪನ್ನೇ ನಡೆಯಲಿಲ್ಲ. ಸಾಂಡರ್ಸ್ ಆಟವೊಂದನ್ನೇ ನಂಬಿ ಕೂರಲಿಲ್ಲ. ಮನಃಶಾಸ್ತ್ರ ಓದಿದರು, ಕೋಚಿಂಗ್ ಮಾಡಿದರು, ಪುಸ್ತಕ ಬರೆದರು, ಸಾಲಿಸಿಟರ್ (ವಕೀಲೆ) ಕೂಡ ಆದರು. ಜಾಣತನ ಅಲ್ವಾ?

ಆಮೇಲಿನದು ಬೇಗ ಹೇಳಬಹುದು. 1987ರಲ್ಲಿ ಇಂಗ್ಲೆಂಡಿನ ಲಾರಾ ಡೇವಿಸ್ ಅಮೆರಿಕದ ಓಪನ್ ಗೆದ್ದಾಗ ಎಲ್‌ಪಿಜಿಎ ತನ್ನ ನಿಯಮವನ್ನೇ ಬದಲಿಸಿ ಸದಸ್ಯತ್ವ ಕೊಟ್ಟಿತು. 2001ರಲ್ಲಿ ಬ್ರಿಟಿಷ್ ಓಪನ್ ಎಲ್‌ಪಿಜಿಎಯ ಮೇಜರ್, ಅಂದರೆ ಅತಿ ದೊಡ್ಡ ಟೂರ್ನಿಗಳಲ್ಲೊಂದು, ಆಯಿತು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2016ರಲ್ಲಿ ಮೊದಲ ದೊಡ್ಡ ಗೆಲುವು ಕಂಡದ್ದು ಈ ಯುರೋಪಿಯನ್ ಟೂರ್‌ನಲ್ಲೇ. ಮರುವರ್ಷ ಅವರೂ ಅಮೆರಿಕದಲ್ಲಿ ಆಡತೊಡಗಿದರು. ಚೆನ್ನಾಗಿ ಆಡುವವರು ಅತ್ತ ಹೋಗುವುದು ಸಾಂಡರ್ಸ್ ಕಾಲದಿಂದಲೂ ನಿಂತಿಲ್ಲ.

2017ರ ಹೊತ್ತಿಗೆ ಎಲ್‌ಇಟಿ ಟೂರ್ನಿಗಳು ತೀರಾ ಕಡಿಮೆಯಾಗಿದ್ದವು. 2019ರಲ್ಲಿ ಎಲ್‌ಪಿಜಿಎ ಜೊತೆ ಜಂಟಿ ಒಪ್ಪಂದ ಆಯಿತು. ಮರುವರ್ಷದಿಂದ ಸೌದಿಯ ತೈಲ ಕಂಪನಿ ಅರಾಮ್ಕೊ ಹೆಸರಿನ ಟೂರ್ನಿಗಳೂ ಬಂದವು. 2024ರ ಓಪನ್‌ಗೆ ಸೇಂಟ್ ಆಂಡ್ರ್ಯೂಸ್‌ನಲ್ಲಿ ಒಟ್ಟು 95 ಲಕ್ಷ ಡಾಲರ್ ಬಹುಮಾನ ಇತ್ತು. ಆದರೆ ಓಪನ್ ನಡೆಯುವುದು ವರ್ಷಕ್ಕೊಂದೇ ವಾರ. ಉಳಿದ ವಾರಗಳ ದುಡ್ಡು ಎಲ್ಲಿಂದ ಬರುತ್ತದೆ, ವಿಲೀನವಾದರೆ ವೇಳಾಪಟ್ಟಿ ಯಾರ ಕೈಲಿರುತ್ತದೆ ಎಂಬುದಕ್ಕೆ ಆ ಮತದಾನದಲ್ಲಿ ಉತ್ತರ ಸಿಗಬೇಕಿತ್ತು.