ಕಾಚಂಪುಳಿ ಎಷ್ಟು ಹಾಕಬೇಕು? ಕೊಬ್ಬು ಕರಗುತ್ತಾ?

ಆಗಸ್ಟ್ ಕೊನೆಯ ವಾರ ಬಂತೆಂದರೆ ನನಗೆ ಈ ಪ್ರಶ್ನೆ ಬರಲೇಬೇಕು. ಕಾಚಂಪುಳಿ ಅಂದರೆ ನಮ್ಮ ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಹಾಕುವ ಹಣ್ಣಿನ ಗಟ್ಟಿ ಹುಳಿ. ನಾಟಿ ಮುಗಿದಿರುತ್ತದೆ, ನಮ್ಮ ಕೊಡಗಿನ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂದಿರುತ್ತದೆ, ಬೆಂಗಳೂರು ಮೈಸೂರಿನಿಂದ ಯಾರ್ಯಾರು ಬರುತ್ತಾರೆ ಅನ್ನುವ ಲೆಕ್ಕ ಶುರುವಾಗಿರುತ್ತದೆ. ಈ ವರ್ಷದ್ದು ಹೀಗಿದೆ:

"ಅಕ್ಕಾ, ಹಬ್ಬಕ್ಕೆ ನಮ್ಮನೆಗೆ 20 ಜನ ಬರ್ತಾರೆ. ಪಂದಿ ಕರಿಗೆ ಕಾಚಂಪುಳಿ ಎಷ್ಟು ಹಾಕಲಿ? ಸ್ವಲ್ಪ ಜಾಸ್ತಿನೇ ಹಾಕಿದ್ರೆ ಒಳ್ಳೇದಲ್ವಾ? ಕೊಬ್ಬು ಕರಗುತ್ತಲ್ಲ!"

ಮೊದಲ ಅರ್ಧಕ್ಕೆ ಉತ್ತರ ಎರಡೇ ಸಾಲು. 20 ಜನಕ್ಕೆ 5 ಕೆಜಿ ಮಾಂಸ ಸಾಕು. ಕಾಚಂಪುಳಿ ಗಟ್ಟಿಯಾಗಿದ್ದರೆ ಕೆಜಿಗೆ ಒಂದರಿಂದ ಒಂದೂವರೆ ದೊಡ್ಡ ಚಮಚ, ಅದೂ ಮಾಂಸ ಬೆಂದ ಮೇಲೆ, ಹುರಿದ ಮಸಾಲೆ ಪುಡಿಯ ಜೊತೆಗೆ. ಮೊದಲೇ ಸುರಿದರೆ ನೀರು ಇಂಗಿದ ಹಾಗೆ ಹುಳಿಯೂ ಗಟ್ಟಿಯಾಗುತ್ತದೆ. ಕೊನೆಗೆ ರುಚಿ ನೋಡಿದಾಗ ಮುಖ ಕಿವುಚುತ್ತದೆ, ಆಗ ವಾಪಸು ತೆಗೆಯಲು ಬರಲ್ಲ. ಮೊದಲು ಅರ್ಧ ಹಾಕಿ, ಐದು ನಿಮಿಷ ಕುದಿಸಿ, ರುಚಿ ನೋಡಿ, ಆಮೇಲೆ ಉಳಿದರ್ಧ.

ಸಂತೆಯಲ್ಲೋ ರಸ್ತೆ ಬದಿಯಲ್ಲೋ ಕೊಂಡದ್ದಾದರೆ ಈ ಅಳತೆಯನ್ನೂ ನಂಬಬೇಡಿ. ಬಾಟಲಿ ಓರೆ ಮಾಡಿದಾಗ ನೀರಿನ ಹಾಗೆ ಓಡಿದರೆ ಅದರಲ್ಲಿ ನೀರೇ ಇದೆ. ಒಳ್ಳೆಯದು ಬೆಲ್ಲದ ಪಾಕದ ಹಾಗೆ ನಿಧಾನಕ್ಕೆ ಇಳಿಯುತ್ತದೆ. ಬೆರಳಿಗೆ ಹಚ್ಚಿ ನೆಕ್ಕಿದರೆ ಹುಳಿಯ ಹಿಂದೆ ಹಣ್ಣಿನ ವಾಸನೆ ಬರುತ್ತದೆ. ಹೋದ ವರ್ಷ ನಾನೇ ಒಂದು ಬಾಟಲಿ ಕೊಂಡು ಮೋಸಹೋದೆ. ಬರೀ ವಿನೆಗರ್ ಘಾಟು. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಉಪದೇಶ ಮಾಡುವವಳು, ಮಳೆ ಬರುತ್ತಿದೆ ಅಂತ ಗಡಿಬಿಡಿಯಲ್ಲಿ ಮುಚ್ಚಳ ತೆಗೆದೂ ನೋಡಲಿಲ್ಲ. ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಸರಿ. ಇನ್ನು ಆ ಎರಡನೇ ಅರ್ಧ. ಕೊಬ್ಬು ಕರಗುತ್ತಲ್ಲ!

ಇಲ್ಲ. ಕರಗಲ್ಲ. ಹೋದ ವರ್ಷವೂ ಕರಗಲಿಲ್ಲ, ಅದರ ಹಿಂದಿನ ವರ್ಷವೂ ಕರಗಲಿಲ್ಲ. ಆದರೂ ಪ್ರತಿ ಹಬ್ಬದಲ್ಲೂ ಒಬ್ಬರಾದರೂ ಮೂರನೇ ಸಲ ಬಡಿಸಿಕೊಳ್ಳುತ್ತಾ, "ಏನಾಗಲ್ಲ ಬಿಡಿ, ಕಾಚಂಪುಳಿ ಇದೆಯಲ್ಲ, ಎಲ್ಲ ಕರಗಿಸಿಬಿಡುತ್ತೆ" ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಚಿಕ್ಕಪ್ಪ. ಡಾಕ್ಟರು ಕೊಬ್ಬು ಕಡಿಮೆ ಮಾಡಿ ಅಂದಿದ್ದಾರೆ. ಚಿಕ್ಕಪ್ಪ ಕೊಬ್ಬು ಕಡಿಮೆ ಮಾಡಿಲ್ಲ, ಹುಳಿ ಜಾಸ್ತಿ ಮಾಡಿಕೊಂಡಿದ್ದಾರೆ. ತಟ್ಟೆಯ ಪಕ್ಕದಲ್ಲೇ ಚಿಕ್ಕ ಬಟ್ಟಲು, ಅದರಲ್ಲಿ ಕಾಚಂಪುಳಿ, ಔಷಧಿಯ ಹಾಗೆ.

ಇದಕ್ಕೆ ನಾನು ವಾದ ಮಾಡುವುದನ್ನು ಬಿಟ್ಟು ಫ್ರಿಜ್ ತೋರಿಸುತ್ತೇನೆ. ನೀವೂ ಮಾಡಿ ನೋಡಿ. ಪಂದಿ ಕರಿಯನ್ನು ಹಬ್ಬದ ಹಿಂದಿನ ದಿನವೇ ಮಾಡಿ, ಕಾಚಂಪುಳಿ ಎಲ್ಲ ಹಾಕಿ, ಆರಿಸಿ, ಒಂದು ಪಾತ್ರೆಯಲ್ಲಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮುಚ್ಚಳ ತೆಗೆಯಿರಿ. ಮೇಲೆ ಬೆಣ್ಣೆ ಬಣ್ಣದ ಒಂದು ಪದರ ಹೆಪ್ಪುಗಟ್ಟಿರುತ್ತದೆ. ಚಮಚದಿಂದ ತಟ್ಟಿದರೆ ಟಕ್ ಅನ್ನುತ್ತದೆ. ಅದೇ ಕೊಬ್ಬು. ಇಡೀ ರಾತ್ರಿ ಕಾಚಂಪುಳಿಯ ಮೇಲೆ ತೇಲುತ್ತಾ ಮಲಗಿತ್ತು, ಒಂದು ಚೂರೂ ಕರಗಿಲ್ಲ. ಪಾತ್ರೆಯಲ್ಲಿ ಹನ್ನೆರಡು ಗಂಟೆ ಜೊತೆಗಿದ್ದು ಏನೂ ಮಾಡದ ಹುಳಿ, ಹೊಟ್ಟೆಗೆ ಹೋದ ತಕ್ಷಣ ಏನು ಪವಾಡ ಮಾಡೀತು?

ಚಿಕ್ಕಪ್ಪನ ಬಳಿ ಇದಕ್ಕೂ ಉತ್ತರ ಇತ್ತು. "ಪಾತ್ರೆ ತಿಕ್ಕಲು ಹುಣಸೆಹುಳಿ ಹಾಕಲ್ವಾ? ಜಿಡ್ಡು ಹೋಗಲ್ವಾ?" ಅಂದರು. ಪಾತ್ರೆ ತಿಕ್ಕದವರು ಮಾತ್ರ ಕೇಳುವ ಪ್ರಶ್ನೆ ಇದು. ಹುಣಸೆ ತೆಗೆಯುವುದು ಹಿತ್ತಾಳೆ ತಾಮ್ರದ ಕಿಲುಬನ್ನು. ಜಿಡ್ಡಿಗೆ ಬೂದಿ ಬೇಕು, ಸೀಗೆಪುಡಿ ಬೇಕು, ಈಗಿನವರಿಗೆ ಸೋಪು ಬೇಕು. ಪಂದಿ ಕರಿ ಮಾಡಿದ ಬಾಣಲೆಗೆ ಬರೀ ಹುಣಸೆ ಹಾಕಿ ತಿಕ್ಕಿ ನೋಡಿ. ಹುಳಿ ವಾಸನೆಯ ಜಿಡ್ಡು ಸಿಗುತ್ತದೆ.

ಈ ನಂಬಿಕೆ ಎಲ್ಲಿಂದ ಬಂತು ಅನ್ನುವುದು ನನಗೆ ಅರ್ಥವಾಗುತ್ತದೆ. ಒಂದು ಕಾರಣ ನಾಲಿಗೆ. ಚರ್ಮ, ಕೊಬ್ಬು ಇರುವ ತುಂಡು ಬಾಯಿಗೆ ಹಾಕಿದಾಗ ಅಂಗುಳಿಗೆ ಜಿಡ್ಡು ಅಂಟುತ್ತದೆ. ಹುಳಿ ಬಿದ್ದರೆ ಬಾಯಲ್ಲಿ ನೀರೂರುತ್ತದೆ, ಜಿಡ್ಡು ಕಡಿಮೆಯಾದ ಹಾಗೆ ಅನ್ನಿಸುತ್ತದೆ. ಬಾಯಿ ಹಗುರಾಯಿತು, ಹಾಗಾಗಿ ಹೊಟ್ಟೆಯೂ ಹಗುರ ಅಂದುಕೊಳ್ಳುತ್ತೇವೆ. ನಿಜ ನೋಡಿದರೆ ಆಗುವುದು ಉಲ್ಟಾ. ಬಾಯಿ ಕಟ್ಟದ ಕಾರಣ ಇನ್ನೂ ನಾಲ್ಕು ತುಂಡು ಜಾಸ್ತಿ ಇಳಿಯುತ್ತದೆ.

ಇನ್ನೊಂದು ಕಾರಣ ಮಾತ್ರೆ ಮಾರುವವರು. ಕಾಚಂಪುಳಿ ಮಾಡುವ ಹಣ್ಣಿಗೆ ನಮ್ಮಲ್ಲಿ ಪನಪುಳಿ ಅನ್ನುತ್ತೇವೆ. ಮಲೆನಾಡಿನವರಿಗೆ ಅದು ಉಪ್ಪಾಗೆ. ಪುಟ್ಟ ಕುಂಬಳಕಾಯಿಯ ಹಾಗೆ ಗೆರೆ ಗೆರೆ, ಹಣ್ಣಾದರೆ ಹಳದಿ. ಸಸ್ಯಶಾಸ್ತ್ರದವರು ಇದನ್ನು ಗಾರ್ಸಿನಿಯಾ ಗಮ್ಮಿ-ಗುಟ್ಟ ಅನ್ನುತ್ತಾರೆ, ಹಳೆಯ ಹೆಸರು ಗಾರ್ಸಿನಿಯಾ ಕಾಂಬೋಜಿಯಾ. ಆ ಹಳೆಯ ಹೆಸರು ಕೇಳಿದ ಹಾಗಿದೆ ಅಲ್ವಾ? ತೂಕ ಇಳಿಸುವ ಮಾತ್ರೆಯ ಡಬ್ಬಿಯ ಮೇಲೆ ನೋಡಿರುತ್ತೀರಿ. ಬೆಂಗಳೂರಿನಿಂದ ಬಂದ ನಮ್ಮ ಹುಡುಗಿಯೊಬ್ಬಳು ಅಂಥದ್ದೇ ಡಬ್ಬಿ ಹಿಡಿದು, "ಅತ್ತೆ, ಇದು ನಮ್ಮ ಕಾಚಂಪುಳಿನೇ ಅಂತೆ!" ಅಂದಾಗ ಮನೆಯವರಿಗೆಲ್ಲ ಹೆಮ್ಮೆಯೋ ಹೆಮ್ಮೆ.

ಕಥೆ ಹೀಗಿದೆ. ಈ ಹಣ್ಣಿನ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ ಇದೆ. ನಮ್ಮ ಮೈ ಊಟದ ಹಿಟ್ಟು ಸಕ್ಕರೆಯನ್ನು ಕೊಬ್ಬಾಗಿ ಮಾಡಿ ಕೂಡಿಡುವಾಗ ಬೇಕಾಗುವ ಒಂದು ಕಿಣ್ವವನ್ನು ಇದು ತಡೆಯುತ್ತದೆ. ಇಲಿಗಳ ಮೇಲೆ 1970ರ ದಶಕದಲ್ಲಿ ಪ್ರಯೋಗ ಮಾಡಿದಾಗ ಸ್ವಲ್ಪ ಆಶೆ ಕಂಡಿತ್ತು. ಇಲ್ಲಿ ಒಂದು ನಿಮಿಷ ನಿಲ್ಲಿ. ಹಿಟ್ಟನ್ನು ಕೊಬ್ಬು ಮಾಡುವ ಕೆಲಸಕ್ಕೆ ತಡೆ ಅಂದೆ. ನೀವು ತಿಂದ ಹಂದಿಯ ಕೊಬ್ಬು ಮೊದಲೇ ಕೊಬ್ಬಾಗಿ ತಯಾರಾಗಿ ಬಂದದ್ದು. ಅದಕ್ಕೂ ಈ ಕಿಣ್ವಕ್ಕೂ ಸಂಬಂಧವೇ ಇಲ್ಲ. ಆ ಲೆಕ್ಕದಲ್ಲಿ ಕಾಚಂಪುಳಿಯನ್ನು ಪಂದಿ ಕರಿ ಬಿಟ್ಟು, ಅದರ ಜೊತೆ ತಿನ್ನುವ ಅಕ್ಕಿ ತರಿಯ ಉಂಡೆ ಕಡಂಬುಟ್ಟಿಗೆ ಸುರಿಯಬೇಕಿತ್ತು!

ಅದೂ ಉಪಯೋಗವಿಲ್ಲ ಬಿಡಿ. ಮನುಷ್ಯರ ಮೇಲೆ ನಡೆದ ಒಂದು ಒಳ್ಳೆಯ ಪ್ರಯೋಗದ ವರದಿ 1998ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆ 'ಜಾಮಾ'ದಲ್ಲಿ ಬಂತು. ತೂಕ ಜಾಸ್ತಿ ಇದ್ದ 135 ಜನ. ಸುಮಾರು ಅರ್ಧ ಜನಕ್ಕೆ ದಿನಕ್ಕೆ 1500 ಮಿಲಿಗ್ರಾಂ ಈ ಆಮ್ಲ, ಉಳಿದವರಿಗೆ ಏನೂ ಇಲ್ಲದ ಸುಳ್ಳು ಮಾತ್ರೆ. ಯಾರಿಗೆ ಯಾವುದು ಅಂತ ಅವರಿಗೆ ಗೊತ್ತಿಲ್ಲ. ಎರಡು ಗುಂಪಿಗೂ ಒಂದೇ ಪಥ್ಯ. 12 ವಾರ ಆದಮೇಲೆ ನೋಡಿದರೆ, ಹುಳಿ ತಿಂದವರ ತೂಕ ಸರಾಸರಿ 3.2 ಕೆಜಿ ಇಳಿದಿತ್ತು. ಸುಳ್ಳು ಮಾತ್ರೆಯವರದ್ದು 4.1 ಕೆಜಿ. ಈ ವ್ಯತ್ಯಾಸ ಅಂಕಿ-ಸಂಖ್ಯೆಯ ಲೆಕ್ಕದಲ್ಲಿ ದೊಡ್ಡದಲ್ಲ, ಅಂದರೆ ಸುಳ್ಳು ಮಾತ್ರೆ ಮೇಲು ಅಂತಲೂ ಹೇಳಲು ಬರಲ್ಲ. ತೂಕ ಇಳಿಸಿದ್ದು ಪಥ್ಯ. ಹುಳಿಯ ಪಾಲು ಏನೂ ಇರಲಿಲ್ಲ.

ಮಾತ್ರೆಯ ವಿಷಯ ಇನ್ನೊಂದು ಮಾತು, ಇದರಲ್ಲಿ ತಮಾಷೆ ಇಲ್ಲ. ಗಾರ್ಸಿನಿಯಾ ಮಾತ್ರೆ ತಿಂದು ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಸಾರಿಗೆ ಚಮಚ ಲೆಕ್ಕದಲ್ಲಿ ಹಾಕುವ ಕಾಚಂಪುಳಿಗೂ, ಸಾರ ಹಿಂಡಿ ದಿನಾ ನುಂಗುವ ಮಾತ್ರೆಗೂ ಹೋಲಿಕೆ ಬೇಡ. ಅಡುಗೆಮನೆಯ ಬಾಟಲಿಗೆ ಹೆದರಬೇಡಿ. ಡಬ್ಬಿಯ ವಿಷಯ ನಿಮ್ಮ ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಹಾಗಾದರೆ ಕೊಬ್ಬು ಕಡಿಮೆ ಮಾಡುವುದು ಹೇಗೆ? ಆಗಲೇ ಹೇಳಿದೆನಲ್ಲ, ಚಮಚ. ಫ್ರಿಜ್‌ನಿಂದ ತೆಗೆದ ಪಾತ್ರೆಯ ಮೇಲಿನ ಪದರವನ್ನು ಎತ್ತಿ ಹಾಕಿ. ಒಂದು ಗ್ರಾಂ ಕೊಬ್ಬೆಂದರೆ 9 ಕ್ಯಾಲೊರಿ. ನೂರು ಗ್ರಾಂ ಪದರ ಎತ್ತಿದರೆ 900 ಹೋಯಿತು. ಪೂರ್ತಿ ಎತ್ತಬೇಡಿ, ಪಂದಿ ಕರಿ ಒಣಕಲಾಗುತ್ತದೆ. ಮುಕ್ಕಾಲು ಎತ್ತಿ, ಕಾಲು ಬಿಡಿ. ಹಿಂದಿನ ದಿನ ಮಾಡಿದ್ದರಿಂದ ಮಸಾಲೆಯೂ ಚೆನ್ನಾಗಿ ಹಿಡಿದಿರುತ್ತದೆ, ಹಬ್ಬದ ಬೆಳಿಗ್ಗೆ ನಿಮ್ಮ ಒಲೆಯೂ ಖಾಲಿ. ಹೋದ ಸಲ ನಾನು ಇದನ್ನೇ ಮಾಡಿದೆ, ಯಾರಿಗೂ ಹೇಳಲಿಲ್ಲ. ಚಿಕ್ಕಪ್ಪ ಎರಡನೇ ಸಲ ಬಡಿಸಿಕೊಂಡು, "ನೋಡಿದ್ಯಾ, ಈ ಸಲ ಕಾಚಂಪುಳಿ ಚೆನ್ನಾಗಿದೆ, ಜಿಡ್ಡೇ ಇಲ್ಲ" ಅಂದರು. ನಾನು ಸುಮ್ನೆ ನೀರು ಬಗ್ಗಿಸಿದೆ.

ಜೊತೆಗೇ ಬರುವ ಚಿಲ್ಲರೆ ಪ್ರಶ್ನೆಗಳಿಗೂ ಇಲ್ಲೇ ಹೇಳಿಬಿಡುತ್ತೇನೆ. ಕಾಚಂಪುಳಿ ಸಿಗದಿದ್ದರೆ ಕೇರಳದವರು ಮೀನಿಗೆ ಹಾಕುವ ಕುಡಂಪುಳಿ ತನ್ನಿ. ಅದೇ ಹಣ್ಣಿನ ಸಿಪ್ಪೆ, ಒಣಗಿಸಿ ಹೊಗೆ ಹಾಕಿದ್ದು. ಬಿಸಿನೀರಿನಲ್ಲಿ ನೆನೆಸಿ, ಆ ನೀರನ್ನು ಕುದಿಸಿ ಗಟ್ಟಿ ಮಾಡಿಕೊಳ್ಳಿ. ಹೊಗೆ ವಾಸನೆ ಸ್ವಲ್ಪ ಇರುತ್ತದೆ, ಪರವಾಗಿಲ್ಲ. ಪುನರ್ಪುಳಿ ಬೇರೆ ಮರ, ಬೇರೆ ಹಣ್ಣು. ಕೆಂಪು ಶರಬತ್ತು ಮಾಡುತ್ತಾರಲ್ಲ, ಅದು. ಪನಪುಳಿ, ಪುನರ್ಪುಳಿ ಅಂತ ಹೆಸರು ಹತ್ತಿರ ಇದೆ ಅಂತ ಪಂದಿ ಕರಿಗೆ ಹಾಕಬೇಡಿ, ಯಾರೋ ಹಾಕಿದ್ದನ್ನು ತಿಂದಿದ್ದೇನೆ. ಮತ್ತೆ, ಪಂದಿ ಕರಿ ಕಪ್ಪಾಗುವುದು ಪೂರಾ ಕಾಚಂಪುಳಿಯಿಂದ ಅಂದುಕೊಂಡವರು ಬೇಕಾದಷ್ಟಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಕಪ್ಪು ಹುರಿದ ಮಸಾಲೆಯದ್ದು. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಚಿಟಿಕೆ ಮೆಂತ್ಯ, ಒಂದೊಂದನ್ನೂ ಬೇರೆ ಬೇರೆ, ಕಾಫಿ ಬೀಜದ ಬಣ್ಣ ಬರುವವರೆಗೆ ಹುರಿಯಿರಿ. ಬಣ್ಣ ಸಾಲದು ಅಂತ ಹುಳಿ ಸುರಿಯಬೇಡಿ. ಬಾಟಲಿ ಗಾಜಿನದ್ದಿರಲಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬೇಡಿ, ಹುಳಿ ಅದನ್ನು ತಿನ್ನುತ್ತದೆ. ಆ ಕೆಲಸ ಮಾತ್ರ ಅದಕ್ಕೆ ಚೆನ್ನಾಗಿ ಬರುತ್ತದೆ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಯಾಕೆ ಕೇಳಲ್ಲವೋ ಗೊತ್ತಿಲ್ಲ: ಕಡಂಬುಟ್ಟು ಯಾವಾಗ ಬೇಯಿಸಬೇಕು? 20 ಜನ ಬರುವ ಮನೆಯಲ್ಲಿ ಹಬ್ಬ ಕೆಡುವುದು ಇಲ್ಲೇ. ಪಂದಿ ಕರಿ ಕಾಯುತ್ತದೆ, ಬಿಸಿ ಮಾಡಿದಷ್ಟೂ ರುಚಿ. ಕಡಂಬುಟ್ಟು ಕಾಯಲ್ಲ. ಆರಿದ ಅನ್ನ ಹೇಗೆ ಬಿರುಸಾಗುತ್ತದೋ ಹಾಗೆ ಇದೂ ಆರುತ್ತಾ ಆರುತ್ತಾ ಗಟ್ಟಿಯಾಗುತ್ತದೆ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಕೈಲ್‌ಪೊಳ್ದ್ ದಿನ, ಜಾಣತನ ತೋರಿಸಲು ಹೋಗಿ ಹನ್ನೊಂದು ಗಂಟೆಗೇ ನೂರು ಕಡಂಬುಟ್ಟು ಬೇಯಿಸಿ ಬುಟ್ಟಿಯಲ್ಲಿ ಜೋಡಿಸಿಟ್ಟೆ. ಗಂಡಸರೆಲ್ಲ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೋಗಿದ್ದರು. ಒಂದು ಗಂಟೆಗೆ ಬರುತ್ತೇವೆ ಅಂದವರು ಬಂದದ್ದು ಮೂರೂವರೆಗೆ. ಕಾಯಿ ಒಡೆಯದ ಸಿಟ್ಟು ಬೇರೆ. ಚಿಕ್ಕಪ್ಪ ಒಂದು ಕಡಂಬುಟ್ಟು ಎತ್ತಿ ತಟ್ಟೆಯ ಅಂಚಿಗೆ ಕುಟ್ಟಿ ನೋಡಿ, "ಇದನ್ನು ಬೆಳಿಗ್ಗೆನೇ ಕೊಟ್ಟಿದ್ರೆ ಕೋವಿಗೆ ತುಂಬಬಹುದಿತ್ತಲ್ಲಮ್ಮ" ಅಂದರು. ಅತ್ತೆ ಮಾತಾಡದೆ ಬುಟ್ಟಿ ಎತ್ತಿಕೊಂಡು ಹೋಗಿ, ಎಲ್ಲವನ್ನೂ ಮತ್ತೆ ಹತ್ತು ನಿಮಿಷ ಹಬೆಗೆ ಇಟ್ಟರು. ಮೆತ್ತಗಾದವು. ಗಟ್ಟಿಯಾದರೆ ಎಸೆಯಬೇಡಿ ಅನ್ನುವುದನ್ನು ಹಾಗೆ ಕಲಿತೆ.

ತರಿಯ ವಿಷಯವೂ ಹೇಳಿಬಿಡುತ್ತೇನೆ. ಅಂಗಡಿಯ ಇಡ್ಲಿ ರವೆ ಬೇಡ, ಅದು ಸಾಮಾನ್ಯವಾಗಿ ಕುಸುಬಲಕ್ಕಿಯದ್ದು. ಬೆಳ್ತಿಗೆ ಅಕ್ಕಿಯನ್ನು ತೊಳೆದು, ಒಣಗಿಸಿ, ತರಿ ಮಾಡಿಸಿ. ಜರಡಿ ಹಿಡಿದು ಸಣ್ಣ ಹಿಟ್ಟನ್ನು ತೆಗೆದುಬಿಡಿ. ಹಿಟ್ಟು ಉಳಿದರೆ ಉಂಡೆ ಅಂಟಂಟು. ಒಂದು ಲೋಟ ತರಿಗೆ ಎರಡೂವರೆ ಲೋಟ ನೀರು, ಉಪ್ಪು, ಒಂದು ಹಿಡಿ ಕಾಯಿತುರಿ, ಇಷ್ಟವಿದ್ದರೆ ಏಲಕ್ಕಿ. ಸಣ್ಣ ಉರಿಯಲ್ಲಿ ನೀರು ಇಂಗುವವರೆಗೆ ಮುಚ್ಚಿಟ್ಟು, ಕೈ ತಾಳುವಷ್ಟು ಬಿಸಿ ಇರುವಾಗಲೇ ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟಿ. ನಿಂಬೆಹಣ್ಣಿನ ಗಾತ್ರಕ್ಕೆ ಲೋಟಕ್ಕೆ ಹದಿನೈದರ ಆಸುಪಾಸು ಬರುತ್ತದೆ. ತಲೆಗೆ ಐದು ಅಂತ ಲೆಕ್ಕ ಹಿಡಿಯಿರಿ. ನನಗೆ ಎರಡೇ ಸಾಕು ಅನ್ನುವವರಿಗೆ ಆರು.

ಉಂಡೆ ಕಟ್ಟಿ ಒದ್ದೆ ಬಟ್ಟೆ ಮುಚ್ಚಿಡಿ. ಹಬೆಯಲ್ಲಿ ಬೇಯಿಸುವ ಪಾತ್ರೆ ಸೆಕಲ ಇದ್ದರೆ ಸೆಕಲ, ಇಲ್ಲದಿದ್ದರೆ ಇಡ್ಲಿ ಪಾತ್ರೆ, ನೀರು ತುಂಬಿ ರೆಡಿ ಇಟ್ಟುಕೊಳ್ಳಿ, ಆದರೆ ಒಲೆ ಹಚ್ಚಬೇಡಿ. ಯಾರು ಫೋನ್ ಮಾಡಿ "ಹೊರಟ್ವಿ" ಅಂದರೂ ನಂಬಬೇಡಿ. ಮೊದಲ ಜೀಪು ಗೇಟು ದಾಟಿದ ಮೇಲೆ ಹಚ್ಚಿ. ಬೇಯಲು 25 ನಿಮಿಷ. ಕೋವಿ ಒಳಗಿಟ್ಟು, ಕೈಕಾಲು ತೊಳೆದು, ಯಾರ ಗುಂಡು ಕಾಯಿಯ ಎಷ್ಟು ಹತ್ತಿರ ಹೋಯಿತು ಅನ್ನುವ ಜಗಳ ಮುಗಿಸಲು ಅವರಿಗೂ ಅಷ್ಟು ಹೊತ್ತು ಬೇಕೇ ಬೇಕು.